ಒಬ್ಬನ ದಾಖಲೆ, ಎಲ್ಲರ ಹೊರೆ

‘ಈ ತಿಂಗಳ ಅತ್ಯುತ್ತಮ ನೌಕರ’ ಎಂದು ಗೋಡೆಗೆ ತೂಗುಹಾಕಿದ ಭಾವಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಪಕ್ಕದವನಿಗಿಂತ ಮುಂದೆ ಹೋಗಬೇಕೆಂಬ ಹಟ ಕೆಲಸಕ್ಕೆ ಚುರುಕು ತರುತ್ತದೆಯೇ ಅಥವಾ ಕೆಲಸವನ್ನೇ ಕೆಡಿಸುತ್ತದೆಯೇ? ಉತ್ತರ ಬೇಕೆಂದರೆ ಸೋವಿಯತ್ ಒಕ್ಕೂಟದ ಒಂದು ಕಲ್ಲಿದ್ದಲು ಗಣಿಗೆ ಇಳಿದು ನೋಡಬೇಕು.

ಅದು 1935ರ ಆಗಸ್ಟ್ 30ರ ರಾತ್ರಿ. ಈಗಿನ ಉಕ್ರೇನಿನ ಪೂರ್ವ ಭಾಗದ ಡಾನ್‌ಬಾಸ್ ಪ್ರದೇಶದ ಇರ್ಮಿನೊ ಗಣಿಯಲ್ಲಿ ಅಲೆಕ್ಸಿ ಸ್ತಖಾನೊವ್ ಎಂಬ 29 ವರ್ಷದ ಕಾರ್ಮಿಕ ರಾತ್ರಿ ಪಾಳಿಗೆ ಇಳಿದ. ಒಂದು ಪಾಳಿಗೆ ಒಬ್ಬನಿಗೆ ನಿಗದಿಯಾಗಿದ್ದುದು ಸುಮಾರು 7 ಟನ್. ಆತ 5 ಗಂಟೆ 45 ನಿಮಿಷಗಳಲ್ಲಿ ಕಡಿದದ್ದು 102 ಟನ್. ನಿಗದಿಯ 14 ಪಟ್ಟು!

ಇದು ತೋಳ್ಬಲದ ಪವಾಡವಲ್ಲ. ಅದುವರೆಗೆ ಕಲ್ಲಿದ್ದಲು ಕಡಿಯುವವನೇ ಆಗಾಗ ಯಂತ್ರ ಕೆಳಗಿಟ್ಟು, ಮೇಲ್ಛಾವಣಿ ಕುಸಿಯದಂತೆ ಮರದ ಕಂಬಗಳನ್ನೂ ನಿಲ್ಲಿಸಬೇಕಿತ್ತು. ಆ ರಾತ್ರಿ ಕಂಬ ನಿಲ್ಲಿಸುವ ಕೆಲಸವನ್ನು ಶ್ಚಿಗೊಲೆವ್ ಮತ್ತು ಬೊರಿಸೆಂಕೊ ಎಂಬ ಇಬ್ಬರು ವಹಿಸಿಕೊಂಡರು. ಸ್ತಖಾನೊವ್ ಬಿಡುವಿಲ್ಲದೆ ಕಡಿಯುತ್ತ ಹೋದ. 102 ಟನ್ನನ್ನು ಮೂವರಿಗೆ ಹಂಚಿದರೂ ತಲೆಗೆ 34 ಟನ್ ಬರುತ್ತದೆ. ಅಂದರೆ ಲಾಭ ನಿಜವಾದದ್ದೇ. ಆದರೆ ಅದು ಕೆಲಸ ಹಂಚಿಕೊಂಡದ್ದರ ಫಲ. ಪತ್ರಿಕೆಗಳು ಮೆರೆಸಿದ್ದು ಮಾತ್ರ ಒಂದೇ ಹೆಸರನ್ನು.

ಆಮೇಲೆ ನಡೆದದ್ದು ದಾಖಲೆಗಳ ಸುರಿಮಳೆ. ಕೆಲವೇ ದಿನಗಳಲ್ಲಿ ಅದೇ ಗಣಿಯ ಇನ್ನೊಬ್ಬ 115 ಟನ್ ಕಡಿದ. ಸೆಪ್ಟೆಂಬರಿನಲ್ಲಿ ಸ್ತಖಾನೊವನೇ 227 ಟನ್ ಮುಟ್ಟಿದ. ಸ್ಪರ್ಧೆ ಮೋಟಾರು ಕಾರ್ಖಾನೆ, ಬಟ್ಟೆ ಗಿರಣಿಗಳಿಗೂ ಹಬ್ಬಿತು. ನವೆಂಬರಿನಲ್ಲಿ ದಾಖಲೆವೀರರ ಸಮ್ಮೇಳನ ಕ್ರೆಮ್ಲಿನ್‌ನಲ್ಲೇ ನಡೆಯಿತು. ಸ್ಟಾಲಿನ್ ಭಾಷಣ ಮಾಡಿದ. ಗೆದ್ದವರಿಗೆ ಹೆಚ್ಚು ಕೂಲಿ, ಒಳ್ಳೆಯ ಮನೆ, ಮೇಲಿನ ಹುದ್ದೆ ದೊರೆತವು. ಹಳೆಯ ಪದ್ಧತಿಗೆ ಜೋತುಬಿದ್ದಿದ್ದ ಅನೇಕ ಕಡೆ ಕೆಲಸದ ಕ್ರಮ ಸುಧಾರಿಸಿದ್ದೂ ಉಂಟು.

ಆದರೆ ಬೆಲೆ ತೆತ್ತವರು ಉಳಿದವರು. ಒಬ್ಬ ಮಾಡಬಲ್ಲನಾದರೆ ಎಲ್ಲರೂ ಏಕೆ ಮಾಡಬಾರದು ಎಂಬ ತರ್ಕ ಹೊರಟಿತು. 1936ರಲ್ಲಿ ಹಲವು ಉದ್ಯಮಗಳಲ್ಲಿ ದಿನದ ನಿಗದಿಯನ್ನೇ ಏರಿಸಲಾಯಿತು. ಅಷ್ಟೇ ಕೂಲಿಗೆ ಹೆಚ್ಚು ಬೆವರು. ಒಳ್ಳೆಯ ಯಂತ್ರ, ಸಾಮಗ್ರಿಗಳು ದಾಖಲೆ ಮಾಡುವವನ ಪಾಲಾದವು. ಪಕ್ಕದವನು ಕೈಕಟ್ಟಿ ಕಾಯಬೇಕಾಯಿತು. ದಾಖಲೆವೀರರನ್ನು ಸಹೋದ್ಯೋಗಿಗಳೇ ಹೊಡೆದ ಪ್ರಸಂಗಗಳೂ ನಡೆದವು. ಅನುಮಾನ ವ್ಯಕ್ತಪಡಿಸಿದ ಎಂಜಿನಿಯರುಗಳು ಮತ್ತು ವ್ಯವಸ್ಥಾಪಕರು ‘ವಿಧ್ವಂಸಕರು’ ಎನಿಸಿಕೊಳ್ಳುವ ಅಪಾಯವಿತ್ತು.

ಸರ್ವಾಧಿಕಾರವಿದ್ದಲ್ಲಿ ಮಾತ್ರ ಹೀಗಾಗುತ್ತದೆ ಎನ್ನುವಂತಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು 1981ರಿಂದ 2001ರವರೆಗೆ ಮುನ್ನಡೆಸಿದ ಜಾಕ್ ವೆಲ್ಚ್ ನೌಕರರನ್ನು ಶೇ 20, ಶೇ 70, ಶೇ 10 ಎಂದು ಮೂರು ಸಾಲಾಗಿ ವಿಂಗಡಿಸುವ ಪದ್ಧತಿ ತಂದರು. ಕೊನೆಯ ಸಾಲಿನವರಿಗೆ ಬಾಗಿಲು ತೋರಿಸಲಾಗುತ್ತಿತ್ತು. ಸೋಮಾರಿಗಳನ್ನು ಎಚ್ಚರಿಸಲು, ಪ್ರತಿಭೆಯನ್ನು ಗುರುತಿಸಲು ಇದು ದಾರಿ ಎಂಬುದು ಅವರ ವಾದ. ಆದರೆ ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದರೂ ಯಾರಾದರೊಬ್ಬ ಕೊನೆಯವನಾಗಲೇಬೇಕು! ಹೀಗಿರುವಾಗ ಪಕ್ಕದವನಿಗೆ ಕೆಲಸ ಕಲಿಸಿಕೊಡುವವರು ಯಾರು? ಇಂಥದೇ ಶ್ರೇಣಿ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ನಮ್ಮ ಬೆಂಗಳೂರಿನ ಇನ್ಫೊಸಿಸ್ ಕೂಡ 2015ರಲ್ಲಿ ಕಡ್ಡಾಯ ಶ್ರೇಣೀಕರಣಕ್ಕೆ ವಿದಾಯ ಹೇಳಿತು.

ಸ್ತಖಾನೊವ್ ತೀರಿಕೊಂಡದ್ದು 1977ರಲ್ಲಿ. ಮರುವರ್ಷ ಕಾದಿಯೆವ್ಕಾ ಎಂಬ ಪಟ್ಟಣಕ್ಕೆ ಅವನ ಹೆಸರನ್ನೇ ಇಡಲಾಯಿತು. ಕಂಬ ನಿಲ್ಲಿಸಿದ ಇಬ್ಬರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಸ್ಪರ್ಧೆ ಬೇಡವೆಂದಲ್ಲ, ನೆಲದಡಿಯಲ್ಲಿ ಆ ರಾತ್ರಿ ಛಾವಣಿಯನ್ನು ಎತ್ತಿ ಹಿಡಿದವರು ಯಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.