ಅಂಬರ್ ಮೀನು ಮತ್ತು ಮುನ್ನೂರು ಸಹಾಬಿಗಳು

ತಿಮಿಂಗಿಲವೆಂದೊಡನೆ ನಮಗೆ ನೆನಪಾಗುವವರು ಹಝ್ರತ್ ಯೂನುಸ್(ಅ). ಆದರೆ ಇಸ್ಲಾಮೀ ಚರಿತ್ರೆಯಲ್ಲಿ ಇನ್ನೊಂದು ತಿಮಿಂಗಿಲವಿದೆ. ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ಜುಮುಅಕ್ಕೆ ಹೊರಡುವಾಗ ನಾವು ಹಚ್ಚಿಕೊಳ್ಳುವ 'ಅಂಬರ್' ಅತ್ತರಿನ ಹೆಸರು ಅದರದೇ. ಅರಬಿಯಲ್ಲಿ 'ಅಂಬರ್' ಎಂದರೆ ಆ ಸುಗಂಧವೂ ಹೌದು, ಅದನ್ನು ಕೊಡುವ ಬೃಹತ್ ಮೀನೂ ಹೌದು.

ಪ್ರವಾದಿ ಮುಹಮ್ಮದ್(ಸ) ಅವರು ಹಝ್ರತ್ ಅಬೂ ಉಬೈದಾ(ರ) ಅವರ ನಾಯಕತ್ವದಲ್ಲಿ ಮುನ್ನೂರು ಮಂದಿಯನ್ನು ಕಡಲತೀರಕ್ಕೆ ಕಳುಹಿಸಿದ್ದರು. ಇದು ಹಿಜ್ರಾ 8ರಲ್ಲಿ ನಡೆಯಿತೆಂದು ಹೇಳುವುದುಂಟು. ಆದರೆ ಅವರು ಕಾಯುತ್ತಿದ್ದುದು ಕುರೈಶರ ವರ್ತಕರ ತಂಡವನ್ನು; ಹುದೈಬಿಯಾ ಒಪ್ಪಂದವಾದುದು ಹಿಜ್ರಾ 6ರಲ್ಲಿ. ಆದುದರಿಂದ ಅದಕ್ಕೂ ಮುಂಚಿನದೆಂಬ ವಾದವೇ ನಮಗೆ ಸರಿಯೆನಿಸುತ್ತದೆ. ಬುತ್ತಿ ಕರಗಿ ದಿನಕ್ಕೊಂದು ಖರ್ಜೂರವಷ್ಟೇ ಉಳಿಯಿತು. ಮಗುವಿನಂತೆ ಅದನ್ನು ಚೀಪಿ, ಮೇಲೆ ನೀರು ಕುಡಿಯುತ್ತಿದ್ದರು. ಕೋಲಿನಿಂದ ಎಲೆ ಉದುರಿಸಿ, ನೆನೆಸಿ ತಿಂದರು. ಆಗ ದಡದಲ್ಲಿ ದಿಬ್ಬದಂತೆ ಬಿದ್ದಿತ್ತು ಅಂಬರ್ ಮೀನು.

ಇದು ಸತ್ತ ಪ್ರಾಣಿಯಲ್ಲವೇ ಎಂದು ಅಬೂ ಉಬೈದಾ(ರ) ಮೊದಲು ಹಿಂಜರಿದರು. ಬಳಿಕ, ನಾವು ಅಲ್ಲಾಹನ ಮಾರ್ಗದಲ್ಲಿರುವವರು, ನಿರ್ಬಂಧಕ್ಕೆ ಸಿಲುಕಿದವರು ಎಂದು ಅನುಮತಿಸಿದರು. ಅದರ ಕಣ್ಣಿನ ಗುಳಿಯಲ್ಲಿ ಹದಿಮೂರು ಮಂದಿ ಕುಳಿತರೆಂದೂ ನಿಲ್ಲಿಸಿದ ಪಕ್ಕೆಲುಬಿನ ಅಡಿಯಲ್ಲಿ ಒಂಟೆ ದಾಟಿತೆಂದೂ ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಮದೀನಕ್ಕೆ ಮರಳಿದಾಗ ಪ್ರವಾದಿ(ಸ) ಅದನ್ನು ಅಲ್ಲಾಹನು ಕೊಟ್ಟ ಅನ್ನವೆಂದರು. ಉಳಿದ ಮಾಂಸವನ್ನು ಕೇಳಿ ತರಿಸಿ ತಾವೂ ಸೇವಿಸಿದರು. ಅವರು ಹಸಿವಿನ ನಿರ್ಬಂಧದಲ್ಲಿರಲಿಲ್ಲ. ಅದು ಕೇವಲ ಆಪತ್ಕಾಲದ ರಿಯಾಯಿತಿಯಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಮುಂದೆ ಚರ್ಚೆ ಸುಗಂಧದತ್ತ ತಿರುಗಿತು. ಅಂಬರ್ ಕಡಲು ಎಸೆದ ವಸ್ತು, ನಿಧಿಯಲ್ಲ ಎಂದರು ಇಬ್ನು ಅಬ್ಬಾಸ್(ರ). ಹಸನ್ ಬಸರಿ ಐದನೇ ಒಂದಂಶ ಸಲ್ಲಬೇಕೆಂದರು. ಇಮಾಮ್ ಅಬೂ ಹನೀಫಾ ಬೇಡವೆಂದರೆ, ಶಿಷ್ಯ ಅಬೂ ಯೂಸುಫ್ ಬೇಕೆಂದರು. ಅವರೆಲ್ಲರ ಮುಂದಿದ್ದುದು ಕಡಲು ತಾನಾಗಿ ದಡಕ್ಕೆ ತಂದ ವಸ್ತು.

ಆಮೇಲೆ ಬಂದವರು ಕಾಯಲಿಲ್ಲ. ದೀಪದ ಎಣ್ಣೆಗಾಗಿ ಯುರೋಪು, ಅಮೆರಿಕದ ಹಡಗುಗಳು ತಿಮಿಂಗಿಲಗಳನ್ನು ಅಟ್ಟಿಕೊಂದವು. ಇಪ್ಪತ್ತನೇ ಶತಮಾನವೊಂದರಲ್ಲೇ ಕೊಂದದ್ದು ಸುಮಾರು 29 ಲಕ್ಷ. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ನಿರ್ಣಯಿಸಿತು.

ನಮ್ಮ ನಗರ ಕಡಲಿನಿಂದ ದೂರವಿದ್ದರೂ ಈ ಕಥೆಯಿಂದ ದೂರವಿಲ್ಲ. 2021ರ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ಸುಮಾರು 80 ಕೆ.ಜಿ. ಅಂಬರ್‌ಗ್ರಿಸ್ ವಶಪಡಿಸಿಕೊಂಡರು. ಪತ್ರಿಕೆಗಳು ಅದನ್ನು 'ತಿಮಿಂಗಿಲದ ವಾಂತಿ' ಎನ್ನುತ್ತವೆ. ವಾಸ್ತವದಲ್ಲಿ ಅದು ಆ ಪ್ರಾಣಿಯ ಕರುಳಿನಲ್ಲಿ ಉಂಟಾಗುವಂಥದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಕಡಲು ಎಸೆದದ್ದಲ್ಲವೇ ಎಂದು ಇಬ್ನು ಅಬ್ಬಾಸ್‌ರ(ರ) ಮಾತನ್ನು ಇಲ್ಲಿಗೆ ಎಳೆದು ತರುವವರಿದ್ದಾರೆ. ಅವರು ಹೇಳಿದ್ದು ತೆರಿಗೆಯ ಕುರಿತು, ಕಳ್ಳಸಾಗಣೆಯ ಕುರಿತಲ್ಲ. ನಾವು ಕೊಳ್ಳುವ ಅಗ್ಗದ ಸೀಸೆಯಲ್ಲಿ ಸಾಮಾನ್ಯವಾಗಿ ಇರುವುದು ಮರದ ಅಂಟು ಅಥವಾ ಪ್ರಯೋಗಾಲಯದ ಪರಿಮಳ; ಸುನ್ನತ್ತಿನ ಸುಗಂಧಕ್ಕೆ ಅದರಿಂದ ಕೊರತೆಯೇನೂ ಇಲ್ಲ.