ಜೋಗದ ಕವಲುಗಳ ಹೆಸರುಗಳು: ಒಂದು ವಿಚಾರ

ವಿನೋದಕ್ಕಾಗಿ ಇಟ್ಟ ಸ್ಥಳನಾಮಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಣನೆಗೆ ತಂದುಕೊಳ್ಳುವುದಿಲ್ಲ. ಜೋಗದ ನಿದರ್ಶನವನ್ನು ಪರಿಶೀಲಿಸಿದರೆ ಈ ಉಪೇಕ್ಷೆಯು ಉಚಿತವಲ್ಲವೆಂದು ನಮಗೆ ತೋರುತ್ತದೆ.

ಶರಾವತಿಯು ಇಲ್ಲಿ ಸುಮಾರು 830 ಅಡಿಗಳ ಆಳಕ್ಕೆ ನಾಲ್ಕು ಕವಲುಗಳಾಗಿ ಧುಮುಕುತ್ತದೆ. ಗಂಭೀರವಾಗಿ ನೇರವಾಗಿ ಇಳಿಯುವುದು ರಾಜ. ಬಂಡೆಗಳ ನಡುವೆ ಗರ್ಜಿಸುತ್ತ ನುಗ್ಗುವುದು ರೋರರ್. ಬಾಣಬಿರುಸಿನಂತೆ ಚಿಮ್ಮುವುದು ರಾಕೆಟ್. ನೊರೆನೊರೆಯಾಗಿ ಜಾರುವುದು ರಾಣಿ. ಇವು ದೇವತೆಗಳ ಹೆಸರುಗಳಲ್ಲ, ದಾನಿಗಳ ಹೆಸರುಗಳೂ ಅಲ್ಲ. ನೋಡಲು ಬಂದವರ ಕಣ್ಣು ಕಿವಿಗಳು ಕಟ್ಟಿದ ಹೆಸರುಗಳು.

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಬರಹಗಳು ಇಡೀ ಜಲಪಾತವನ್ನು, ಹೊಳೆಯ ಕೆಳಭಾಗದಲ್ಲಿರುವ ಪಟ್ಟಣವನ್ನು ಅನುಸರಿಸಿ, ಗೇರುಸೊಪ್ಪೆಯ ಹೆಸರಿನಿಂದ ಕರೆದವು. ಇಂದಿನ ರಾಣಿಗೆ ಅವು ಕೊಟ್ಟ ಹೆಸರು 'ಡೇಮ್ ಬ್ಲಾಂಷ್', ಅಂದರೆ ಶ್ವೇತವನಿತೆ. ಈ ಎರಡೂ ಹೆಸರುಗಳು ಕನ್ನಡಿಗರ ನಾಲಗೆಯಲ್ಲಿ ನಿಲ್ಲಲಿಲ್ಲ. ಊರವರ ಜೋಗವೇ ಉಳಿಯಿತು. ರಾಜನ ಪಕ್ಕದಲ್ಲಿ ರಾಣಿಯು ಸಹಜವಾಗಿ ನೆಲೆಗೊಂಡಳು. ಆದರೆ ರೋರರ್, ರಾಕೆಟ್ ಎಂಬ ಪರಭಾಷಾ ಪದಗಳನ್ನು ಜನರು ತಿರಸ್ಕರಿಸಲಿಲ್ಲ. ಆದುದರಿಂದ ಹೆಸರಿನ ಆಯುಷ್ಯವನ್ನು ನಿರ್ಣಯಿಸುವುದು ಅದರ ಭಾಷೆಯಲ್ಲ, ಇಟ್ಟವರ ಅಧಿಕಾರವೂ ಅಲ್ಲ. ಬಳಸುವವರ ಒಪ್ಪಿಗೆಯೇ ಎಂದು ನಾವು ಭಾವಿಸುತ್ತೇವೆ.

ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಬೇಸಿಗೆಯಲ್ಲಿ ಜೋಗದ ನೀರು ಮೊದಲೂ ಕ್ಷೀಣಿಸುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಪ್ರವಾಹವೇ ಮಾನವನ ನಿಯಂತ್ರಣಕ್ಕೆ ಒಳಪಟ್ಟಿತು. ನಾಡಿಗೆ ವಿದ್ಯುತ್ತು ದೊರೆಯಿತು; ಕವಲುಗಳು ವರ್ಷದ ಬಹುಭಾಗ ಸೊರಗಿದವು. ಇಂದಿನ ವಿದ್ಯಾರ್ಥಿಯು ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ರೋರರಿನ ಗರ್ಜನೆಯನ್ನು ಕೇಳಲಾರನು. ಕಟ್ಟೆಯಿಲ್ಲದ ಕಾಲದ ಹೊಳೆಯು ಹೇಗೆ ಮೊರೆಯುತ್ತಿತ್ತೆಂಬುದಕ್ಕೆ ಆ ಹೆಸರೂ ಒಂದು ಸಾಕ್ಷ್ಯ. ಶಾಸನದಷ್ಟೇ ಎಚ್ಚರಿಕೆಯಿಂದ ಅದನ್ನೂ ಓದುವುದು ನಮ್ಮ ಕರ್ತವ್ಯವಾಗಿದೆ.