ಜೀತದ ಮನೆಯ ಚಿತ್ರ ತೆಗೆದವನು

ಬೆತ್ತಲೆ ನಿಂತ ಗಂಡಸರ ಒಂದು ಸಾಲು. ಎಲ್ಲರ ಮುಖ ಗೋಡೆ ಕಡೆಗೆ, ಎಲ್ಲರ ಕೈ ಮೇಲಕ್ಕೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ ಆಳು ಸೇರಿಸಿಕೊಳ್ಳುವಾಗ ನಡೆಯುತ್ತಿದ್ದ ವೈದ್ಯಪರೀಕ್ಷೆ ಅದು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಾದರೂ ಎತ್ತಿನ ಮುಖ ನೋಡುತ್ತಾನೆ. ಇಲ್ಲಿ ಅದೂ ಬೇಕಿಲ್ಲ, ಮೈಯೊಂದಿದ್ದರೆ ಸಾಕು. ಈ ಚಿತ್ರ ತೆಗೆದವನು ಅರ್ನೆಸ್ಟ್ ಕೋಲ್. ಅವನೂ ಕರಿಯ. ಕ್ಯಾಮೆರಾವನ್ನು ಬುತ್ತಿ ಚೀಲದಲ್ಲಿ ಬಚ್ಚಿಟ್ಟುಕೊಂಡು ಗಣಿಯೊಳಕ್ಕೆ ಹೋಗಿದ್ದ. ಆಗ ಅವನಿಗೆ ನಮ್ಮದೇ ವಯಸ್ಸು, ಇಪ್ಪತ್ತು ಚಿಲ್ಲರೆ.

ಕೋಲ್ ಹುಟ್ಟಿದ್ದು 1940ರ ಮಾರ್ಚ್ 21ರಂದು, ಪ್ರಿಟೋರಿಯಾ ಪಕ್ಕದ ಈರ್ಸ್ಟರಸ್ಟ್‌ನಲ್ಲಿ. ಅಪ್ಪ ದರ್ಜಿ, ಅವ್ವ ಬಟ್ಟೆ ಒಗೆಯುವವಳು. ಹುಡುಗನಿಗೆ ಎಂಟು ವರ್ಷವಾದಾಗ, 1948ರಲ್ಲಿ, ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಆಮೇಲೆ ಕಾನೂನಿನ ಮೇಲೆ ಕಾನೂನು. 1950ರ ಒಂದು ಕಾಯ್ದೆ ಪ್ರತಿಯೊಬ್ಬನಿಗೂ ಇಂಥ ಜನಾಂಗ ಅಂತ ಮೊಹರು ಒತ್ತಿತು. ಅದೇ ವರ್ಷದ ಇನ್ನೊಂದು ಕಾಯ್ದೆ ಯಾರು ಎಲ್ಲಿ ವಾಸಿಸಬೇಕು ಅಂತ ಗೆರೆ ಎಳೆಯಿತು. 1952ರ ಕಾಯ್ದೆಯ ಹೆಸರಿನಲ್ಲಿ 'ಪಾಸು ರದ್ದತಿ' ಅಂತಲೇ ಇದೆ. ಆದರೆ ಅದು ಮಾಡಿದ್ದೇನು? ಹದಿನಾರು ದಾಟಿದ ಪ್ರತಿ ಕರಿಯನ ಜೇಬಿಗೂ ಪಾಸ್ ಪುಸ್ತಕ ತುರುಕಿತು. ಆಳುವವರ ಭಾಷೆಯ ವಂಚನೆಗೆ ಇದಕ್ಕಿಂತ ಸಾಕ್ಷಿ ಬೇಕೇ?

1953ರಲ್ಲಿ ಬಾಂಟು ಶಿಕ್ಷಣ ಕಾಯ್ದೆ ಬಂತು. ಕರಿಯರ ಮಕ್ಕಳಿಗೆ ಊಳಿಗಕ್ಕೆ ಬೇಕಾದಷ್ಟು ಅಕ್ಷರ ಸಾಕು ಅನ್ನೋದೇ ಅದರ ಹೂರಣ. ಈ ಓದು ನನಗೆ ಬೇಡ ಅಂತ ಕೋಲ್ ಹದಿನಾರರಲ್ಲೇ ಶಾಲೆ ಬಿಟ್ಟ, ಅಂಚೆ ಪಾಠದಲ್ಲಿ ಓದು ಮುಗಿಸಿಕೊಂಡ. 1958ರಲ್ಲಿ ಜೊಹಾನ್ಸ್‌ಬರ್ಗ್‌ನ 'ಡ್ರಮ್' ಪತ್ರಿಕೆ ಸೇರಿ, ಛಾಯಾಗ್ರಾಹಕ ಯರ್ಗನ್ ಶಾಡೆಬರ್ಗ್ ಕೈಕೆಳಗೆ ಕತ್ತಲ ಕೋಣೆಯಲ್ಲಿ ಕೆಲಸ ಕಲಿತ. ಅವನಿಗೆ ಇಪ್ಪತ್ತು ತುಂಬಿದ ದಿನವೇ, 1960ರ ಮಾರ್ಚ್ 21ರಂದು, ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಎಷ್ಟೋ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ. ಆ ಕಾಲದಲ್ಲೇ ಅವನ ಊರೂ ಹೋಯಿತು. ಕರಿಯರನ್ನು ಈರ್ಸ್ಟರಸ್ಟ್‌ನಿಂದ ಎಬ್ಬಿಸಿದರು, ಮನೆಗಳನ್ನು ಕೆಡವಿದರು. ಕೋಲ್‌ನ ಮನೆಯವರು ಮಾಮೆಲೋಡಿಯ ಸಾಲು ಮನೆ ಸೇರಿದರು.

ಈಗ ಅವನ ಮುಂದಿದ್ದ ತೊಡಕು ನೋಡಿ. ಪಾಸ್ ಪುಸ್ತಕ ಹೊತ್ತ ಕರಿಯ ಮನಸ್ಸು ಬಂದಲ್ಲಿ ತಿರುಗುವ ಹಾಗಿಲ್ಲ. ತಿರುಗದೆ ಚಿತ್ರ ತೆಗೆಯೋದು ಹೇಗೆ? ಮನೆತನದ ಹೆಸರು 'ಕೋಲೆ' ಅಂತಿತ್ತು. ಅದನ್ನು 'ಕೋಲ್' ಮಾಡಿಕೊಂಡ. ಅಧಿಕಾರಿಗಳ ಮುಂದೆ ನಿಂತು, ತಾನು ಕರಿಯನಲ್ಲ, ಮಿಶ್ರ ಜನಾಂಗದವನು ಅಂತ ಕಾಗದ ಮಾಡಿಸಿಕೊಂಡ. ಆ ಜನಕ್ಕೆ ಪಾಸಿನ ಕಾಟವಿರಲಿಲ್ಲ. ತನ್ನ ಜನರ ಪರ ಸಾಕ್ಷಿ ಹೇಳಲಿಕ್ಕೆ, ತಾನು ಆ ಜನದವನಲ್ಲ ಅಂತ ಸುಳ್ಳು ಹೇಳಬೇಕಾಯಿತು. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳುವಾಗ ಅಪ್ಪ ಇಟ್ಟ ಹೆಸರನ್ನು ಅರ್ಧ ನುಂಗಿ ಹೇಳಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇದನ್ನು ಹೇಡಿತನ ಅನ್ನುವವರು ಮೊದಲು ಆ ಮೊಹರು ಒತ್ತಿದವರನ್ನು ಕೇಳಲಿ.

ಹಾಗೆ ಸಿಕ್ಕ ಬಿಡುಗಡೆಯನ್ನು ಅವನು ತನಗಾಗಿ ಇಟ್ಟುಕೊಳ್ಳಲಿಲ್ಲ. ಪಾಸಿಲ್ಲದೆ ಸಿಕ್ಕಿಬಿದ್ದು ಬೇಡಿ ತೊಟ್ಟವರು, ಉಸಿರಾಡಲೂ ಜಾಗವಿಲ್ಲದ ರೈಲುಗಳು, 'ಬಿಳಿಯರಿಗೆ ಮಾತ್ರ' ಅನ್ನುವ ಬೆಂಚುಗಳು, ಎಲ್ಲವನ್ನೂ ಹಿಡಿದ. ಕಿಕ್ಕಿರಿದ ತರಗತಿಯಲ್ಲಿ ಕುಕ್ಕರುಗಾಲಲ್ಲಿ ಕೂತ ಒಬ್ಬ ಹುಡುಗನ ಮುಖದ ಮೇಲೆ ಬೆವರು ಇಳಿಯುತ್ತಿದೆ, ಕಣ್ಣು ಮಾತ್ರ ಪಾಠದಿಂದ ಕದಲಿಲ್ಲ. ಇನ್ನೊಂದರಲ್ಲಿ ಮನೆಗೆಲಸದ ಹೆಂಗಸು ಬಿಳಿಯರ ಮಗುವನ್ನು ಎತ್ತಿಕೊಂಡಿದ್ದಾಳೆ. ದೊಡ್ಡದಾದ ಮೇಲೆ ಈ ಮಗುವೂ ಅದರ ತಾಯಿಯ ಹಾಗೇ ತನ್ನನ್ನು ನಡೆಸಿಕೊಳ್ಳುತ್ತೆ ಅಂತ ಅವಳಿಗೆ ಗೊತ್ತು, ಆದರೂ ಪ್ರೀತಿ ನಿಲ್ಲದು. ಹೊರಗಿಂದ ಬಂದವನು ಇಲ್ಲಿ ಬಡತನ ಕಂಡು ಮರುಗಿ ಹೋಗುತ್ತಿದ್ದ. ಕೋಲ್‌ಗೆ ಇದು ಮನೆ ವಿಚಾರ, ಮರುಕಕ್ಕೆ ಅಲ್ಲಿ ಜಾಗವಿಲ್ಲ.

ಕಡೆಗೆ ಪೊಲೀಸರ ಕಣ್ಣಿಗೆ ಬಿದ್ದ. ನಮ್ಮ ಮಾಹಿತಿದಾರನಾಗು, ಇಲ್ಲವೇ ಕೇಸು ಎದುರಿಸು ಅಂದರು. 1966ರಲ್ಲಿ ದೇಶ ಬಿಟ್ಟ. 1967ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಪುಸ್ತಕ 'ಹೌಸ್ ಆಫ್ ಬಾಂಡೇಜ್' ಬಂತು. ಇಸ್ರೇಲರ ಈಜಿಪ್ಟಿನ ಗುಲಾಮಗಿರಿಯನ್ನು ಹೇಳುವ ಬೈಬಲ್ಲಿನ ಮಾತದು. ನಮ್ಮ ಭಾಷೆಯಲ್ಲಿ ಜೀತದ ಮನೆ. ಮರುವರ್ಷ ದಕ್ಷಿಣ ಆಫ್ರಿಕಾ ಸರ್ಕಾರ ಅದನ್ನು ನಿಷೇಧಿಸಿತು. ಯಾರ ಬದುಕು ಅದರಲ್ಲಿತ್ತೋ ಅವರೇ ಅದನ್ನು ನೋಡುವ ಹಾಗಿಲ್ಲ!

ಇಲ್ಲಿ ನಮ್ಮ ದೇಶದ್ದೂ ಒಂದು ಮಾತಿದೆ. 1946ರಲ್ಲೇ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಕಡಿದುಕೊಂಡಿತು, ಅಲ್ಲಿನ ಭಾರತೀಯರ ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು. ಸರಿಯಾದ ಕೆಲಸವೇ. ಆದರೆ ಅಲ್ಲಿನ ಬೆಂಚಿನ ಬಗ್ಗೆ ಸಿಟ್ಟಾದ ಎಷ್ಟೋ ಬಾಯಿಗಳು ಇಲ್ಲಿನ ಊರ ಬಾವಿ ಹತ್ತಿರ ಬಂದಾಗ ಮುಚ್ಚಿಕೊಂಡವು.

ಅಮೆರಿಕಕ್ಕೆ ಹೋದ ಕೋಲ್‌ಗೆ ಫೋರ್ಡ್ ಪ್ರತಿಷ್ಠಾನದ ಹಣ ಸಿಕ್ಕಿತು, ಅಲ್ಲಿನ ಕರಿಯರ ಬದುಕಿನ ಚಿತ್ರ ತೆಗೆದ. ತನ್ನ ದೇಶದಲ್ಲಿ ಅವನಿಗೆ ಇದ್ದದ್ದು ಬಂಧನದ ಭಯ. ಅಮೆರಿಕದ ದಕ್ಷಿಣದಲ್ಲಿ ಕೊಲೆಯ ಭಯ ಕಾಡಿತು. ಸ್ವಾತಂತ್ರ್ಯದ ನಾಡು ಅಂದುಕೊಂಡು ಹೋದ ಕಡೆಯೂ ಜೀತದ ಮನೆಯ ಇನ್ನೊಂದು ಕೋಣೆಯೇ. ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಕೈಬಿಟ್ಟ. ಸೂರಿಲ್ಲದೆ ನ್ಯೂಯಾರ್ಕಿನ ಬೀದಿಗಳಲ್ಲಿ ಅಲೆದ. 1990ರ ಫೆಬ್ರವರಿ 11ರಂದು ಮಂಡೇಲಾ ಜೈಲಿನಿಂದ ಹೊರಬಂದರು. ಎಂಟು ದಿನಕ್ಕೆ, 19ರಂದು, ಕೋಲ್ ಕ್ಯಾನ್ಸರಿನಿಂದ ಸತ್ತ. ಐವತ್ತೂ ತುಂಬಿರಲಿಲ್ಲ. ಊರಿಗೆ ಮರಳಿದ್ದು ಅವನ ಬೂದಿ.

2017ರಲ್ಲಿ ಸ್ಟಾಕ್‌ಹೋಮಿನ ಒಂದು ಬ್ಯಾಂಕಿನ ಪೆಟ್ಟಿಗೆಗಳಲ್ಲಿ ಅವನ ಅರವತ್ತು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳು ಸಿಕ್ಕವು. ಕಳೆದೇ ಹೋಯಿತು ಅಂದುಕೊಂಡಿದ್ದ ಕಣ್ಣು ಅದು. 2022ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ಪಾಸ್ ಕಾನೂನು 1986ರಲ್ಲೇ ಸತ್ತಿತ್ತು, ಜನಾಂಗದ ಮೊಹರಿನ ಕಾಯ್ದೆ 1991ರಲ್ಲಿ ಸತ್ತಿತು. ಕಾಗದಗಳು ಹೋದವು, ಚಿತ್ರಗಳು ಉಳಿದವು.

ಆದರೂ ಇದನ್ನು ಗೆಲುವು ಅಂತ ಬರೆದು ಮುಗಿಸಲು ನಮಗೆ ಮನಸ್ಸಾಗದು. ನಮ್ಮಲ್ಲಿ ಓದಿದವರು ಕೇರಿ ಬಿಟ್ಟು ಬಂದಿದ್ದೇವೆ, ಕೇರಿಯ ಬಗ್ಗೆ ಬರೆಯುತ್ತಿದ್ದೇವೆ. ಕೋಲ್ ತನ್ನ ಜನರ ಸತ್ಯವನ್ನು ಹೊರಗೆ ಸಾಗಿಸಿದ, ಅವನಿಗೆ ಮಾತ್ರ ವಾಪಸು ಬರುವ ದಾರಿ ಇರಲಿಲ್ಲ. ನಮಗೆ ದಾರಿ ಇದೆ. ಸಂಜೆ ಬಸ್ಸು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಅವ್ವನ ಮುಂದೆ ಕೂರಬಹುದು. ಗೆಳೆಯರೇ, ಬರೆದದ್ದನ್ನು ಅಲ್ಲಿ ಒಮ್ಮೆ ಓದಿ ಹೇಳೋಣ.